ಮನೆಯಲ್ಲೇ ಒತ್ತಿದ ಹೊಗೆಸೊಪ್ಪು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಮಿಂಚಂಚೆ ಬಂದಿತು. ಪಿರಿಯಾಪಟ್ಟಣ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ, 1980ರ ದಶಕದ ಕೊನೆಯ ವರ್ಷಗಳಲ್ಲಿ, ನನ್ನ ವಿಜ್ಞಾನದ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗ. ಈಗ ಐವತ್ತು ದಾಟಿದ್ದಾನೆ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಇಂಜಿನಿಯರ್ ಆಗಿದ್ದಾನೆ. ಇಲ್ಲಿ ಅವನ ಹೆಸರು ಹೇಳುವುದಿಲ್ಲ. ಅವನ ಸಹಪಾಠಿಗಳು ಊಹಿಸಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ. ಪತ್ರದ ವಿಷಯವನ್ನು ಬರೆಯಲೇ ಎಂದು ಕೇಳಿದಾಗ, "ಬರೆಯಿರಿ ಮೇಷ್ಟ್ರೆ, ಬೈದರೂ ಚಿಂತೆಯಿಲ್ಲ" ಎಂದು ಅನುಮತಿ ಕೊಟ್ಟಿದ್ದಾನೆ.

ಪತ್ರದ ಜೊತೆಗೆ ನಾಲ್ಕು ಛಾಯಾಚಿತ್ರಗಳಿದ್ದವು. ಮೊದಲನೆಯದರಲ್ಲಿ ಅಗಲವಾದ, ಜೇನಿನ ಬಣ್ಣದ ಒಣ ಎಲೆಗಳ ಕಟ್ಟು. ಎರಡನೆಯದರಲ್ಲಿ ಗಟ್ಟಿ ಮರದ ಒಂದು ಪೆಟ್ಟಿಗೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕಬ್ಬಿಣದ ತಿರುಪು. ಮೂರನೆಯದರಲ್ಲಿ ಆ ತಿರುಪನ್ನು ಬಿಗಿಯುತ್ತಿರುವ ಎರಡು ಕೈಗಳು. ನಾಲ್ಕನೆಯದರಲ್ಲಿ ಕಪ್ಪುಬೆಲ್ಲದ ಅಚ್ಚಿನಂತೆ ಕಾಣುವ ಒಂದು ಗಟ್ಟಿ ಹಾಗೂ ಅದನ್ನು ಹಾಳೆಹಾಳೆಯಾಗಿ ಕೊಯ್ದಿಟ್ಟ ತಟ್ಟೆ. "ಮೇಷ್ಟ್ರೆ, ಇದು ನಾನೇ ಮನೆಯಲ್ಲಿ ಒತ್ತಿ ಮಾಡಿದ ಪೈಪಿನ ತಂಬಾಕು. ಅಂಗಡಿಯ ಡಬ್ಬಿಯಲ್ಲಿ ಏನೇನು ಬೆರೆಸಿರುತ್ತಾರೋ ಯಾರು ಬಲ್ಲರು? ಇದರಲ್ಲಿ ಎಲೆ ಮತ್ತು ನೀರು ಬಿಟ್ಟರೆ ಬೇರೇನೂ ಇಲ್ಲ. ಇದೊಂದು ಕಲೆಯಲ್ಲವೆ? ನಮ್ಮ ಹುಣಸೂರಿನ ಎಲೆ ಸ್ವಲ್ಪ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!" ಎಂದು ಬರೆದಿದ್ದ.

ನಾನು ಉತ್ತರ ಬರೆಯಲು ಮೂರು ವಾರ ತೆಗೆದುಕೊಂಡೆ. ಉತ್ತರ ತಿಳಿಯದೆ ಅಲ್ಲ. ಆ ಉತ್ತರವನ್ನು ಹೇಳುವ ಅರ್ಹತೆ ನನಗೆಷ್ಟಿದೆ ಎಂದು ಯೋಚಿಸುತ್ತಿದ್ದೆ.

ಮೊದಲು ಅವನ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಿಸುತ್ತೇನೆ. ಅವನು ಬರೆದಿರುವ ಕ್ರಮವನ್ನು ಓದಿದರೆ ಯಾವ ವಿಜ್ಞಾನ ಶಿಕ್ಷಕನಿಗೂ ಸಂತೋಷವಾಗುತ್ತದೆ. ಒಣಗಿದ ಎಲೆಯನ್ನು ಮುಟ್ಟಿದರೆ ಪುಡಿಯಾಗುತ್ತದೆ. ಆದ್ದರಿಂದ ಅದಕ್ಕೆ ನೀರು ಚಿಮುಕಿಸಿ, ಮುಚ್ಚಿ, ಒಂದು ರಾತ್ರಿ ಇಡುತ್ತಾನೆ. ಬೆಳಗಾಗುವ ಹೊತ್ತಿಗೆ ಎಲೆ ಹಳೆಯ ಮೆತ್ತನೆಯ ಬಟ್ಟೆಯಂತೆ ಮಣಿಯುತ್ತದೆ. ಆಗ ನಡುವಿನ ದಂಟನ್ನು ಸೀಳಿ ತೆಗೆಯುತ್ತಾನೆ. ಅದು ಉಳಿದರೆ ಸರಿಯಾಗಿ ಉರಿಯುವುದಿಲ್ಲ. ಬಳಿಕ ಎಲೆಗಳನ್ನು ಹಬೆಯಲ್ಲಿ ಬೆಚ್ಚಗೆ ಮಾಡಿ, ಪದರದ ಮೇಲೆ ಪದರ ಜೋಡಿಸಿ, ಪೆಟ್ಟಿಗೆಯಲ್ಲಿಟ್ಟು ತಿರುಪು ಬಿಗಿಯುತ್ತಾನೆ. ದಿನವೂ ಸೊಪ್ಪು ಕುಗ್ಗುತ್ತದೆ, ದಿನವೂ ಇನ್ನೊಂದು ಸುತ್ತು ಬಿಗಿಯಬೇಕು. ಕೆಲವು ವಾರಗಳ ನಂತರ ತೆಗೆದರೆ ಎಲೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿರುತ್ತವೆ, ಹಳದಿ ಹೋಗಿ ಕಂದು ಬಂದಿರುತ್ತದೆ, ಹಸಿ ಘಾಟು ಅಡಗಿ ಒಣದ್ರಾಕ್ಷಿಯಂಥ ಪರಿಮಳ ಹುಟ್ಟಿರುತ್ತದೆ. ಅದನ್ನು ತೆಳುವಾಗಿ ಕೊಯ್ದು, ತುಸು ಆರಿಸಿ, ಗಾಜಿನ ಭರಣಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾನೆ. ಬಣ್ಣ ಬದಲಾಗುವುದಕ್ಕೆ ಕಾರಣ, ಎಲೆಯಲ್ಲಿರುವ ಸಕ್ಕರೆ ಹಾಗೂ ಅಮೈನೊ ಆಮ್ಲಗಳು ಶಾಖದಲ್ಲಿ ಸೇರುವುದು. ಕಾವಲಿಯ ಮೇಲೆ ರೊಟ್ಟಿ ಕೆಂಪಗಾಗುವುದೂ ಇದೇ ಕ್ರಿಯೆಯಿಂದ. ತರಗತಿಯಲ್ಲಿ ಎಷ್ಟು ಹೇಳಿದರೂ ತಲೆಗೆ ಹತ್ತದಿದ್ದ ರಸಾಯನಶಾಸ್ತ್ರ ಅವನಿಗೆ ಕೈಯಿಂದ ಹತ್ತಿದೆ!

ಅವನಿರುವ ಸ್ಥಳವೂ ಈ ವಿಷಯಕ್ಕೆ ಸಾಮಾನ್ಯವಾದುದಲ್ಲ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ನಾವು ಬೆಳೆಯುವುದು ಬಿಸಿಗಾಳಿಯಲ್ಲಿ ಹದ ಮಾಡುವ ವರ್ಜೀನಿಯಾ ತಳಿ. ಆ ಹೊನ್ನಿನ ಬಣ್ಣದ ಎಲೆಯ ಕಥೆ ಆರಂಭವಾಗುವುದು ಅವನ ರಾಜ್ಯದಲ್ಲೇ. 1839ರಲ್ಲಿ ಅಲ್ಲಿನ ಕ್ಯಾಸ್‌ವೆಲ್ ಕೌಂಟಿಯ ಒಂದು ಹೊಲದಲ್ಲಿ ಸ್ಟೀಫನ್ ಎಂಬ ಗುಲಾಮ ಯುವಕ ರಾತ್ರಿ ಹೊಗೆಸೊಪ್ಪಿನ ಮನೆಯ ಬೆಂಕಿ ಕಾಯುತ್ತಾ ನಿದ್ದೆಹೋದನಂತೆ. ಎಚ್ಚರವಾದಾಗ ಬೆಂಕಿ ಆರುವುದರಲ್ಲಿತ್ತು. ಗಾಬರಿಯಿಂದ ಕುಲುಮೆಯ ಇದ್ದಿಲನ್ನು ತಂದು ಸುರಿದ. ಥಟ್ಟನೆ ಏರಿದ ಒಣಶಾಖಕ್ಕೆ ಎಲೆಗಳು ಕಂದಾಗದೆ ಹಳದಿಯಾಗಿಯೇ ಉಳಿದವು. ಆ ಹಳದಿ ಎಲೆಗೆ ಹೆಚ್ಚಿನ ಬೆಲೆ ಬಂತು, ಆ ಪ್ರದೇಶವೇ ಸಿರಿವಂತವಾಯಿತು. ಕಂಡುಹಿಡಿದವನು ಮಾತ್ರ ಇನ್ನೊಬ್ಬರ ಸೊತ್ತಾಗಿಯೇ ಇದ್ದ. ತಂಬಾಕಿನ ಇತಿಹಾಸದಲ್ಲಿ ಪರಿಮಳ ಒಬ್ಬರಿಗೆ, ಬೆಂಕಿ ಕಾಯುವ ಕೆಲಸ ಇನ್ನೊಬ್ಬರಿಗೆ. ಇದು ಅಂದಿನಿಂದಲೂ ಹೀಗೆಯೇ.

ನಮ್ಮ ಕಡೆಯ ಬ್ಯಾರನ್ನುಗಳನ್ನು ನೋಡದ ಓದುಗರಿಗಾಗಿ ನಾಲ್ಕು ಮಾತು. ಏಪ್ರಿಲ್-ಮೇ ತಿಂಗಳಲ್ಲಿ ಮುಂಗಾರಿಗೆ ಮುಂಚಿನ ಮಳೆ ಬಿದ್ದಾಗ ಸಸಿ ನಾಟಿ. ಜುಲೈಯಿಂದ ಸೊಪ್ಪು ಮುರಿಯುವ ಕೆಲಸ. ಬುಡದ ಎಲೆ ಮೊದಲು ಹಣ್ಣಾಗುವುದರಿಂದ ಕೆಳಗಿನಿಂದ ಮೇಲಕ್ಕೆ, ವಾರಕ್ಕೊಮ್ಮೆ ಎರಡು-ಮೂರು ಎಲೆಗಳಂತೆ ಮುರಿಯುತ್ತಾರೆ. ಮುರಿದ ಸೊಪ್ಪನ್ನು ಅದೇ ದಿನ ಉದ್ದನೆಯ ಕಡ್ಡಿಗಳಿಗೆ ಕಟ್ಟಿ, ಎತ್ತರವಾದ ಬ್ಯಾರನ್ನಿನೊಳಗೆ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಇಡುತ್ತಾರೆ. ಒಲೆಯ ಶಾಖ ತಗಡಿನ ಕೊಳವೆಗಳ ಮೂಲಕ ಒಳಗೆಲ್ಲ ಹರಿಯುತ್ತದೆ. ಮೊದಲ ಒಂದೆರಡು ದಿನ 35 ಡಿಗ್ರಿಯ ಆಸುಪಾಸಿನಲ್ಲಿಟ್ಟು ಎಲೆಯನ್ನು ಹಳದಿ ಬರಿಸಬೇಕು. ಆಗ ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ. ಅನಂತರ ಶಾಖವನ್ನು ಮೆಲ್ಲಮೆಲ್ಲನೆ ಏರಿಸಿ ಎಲೆಯನ್ನು ಒಣಗಿಸಿ, ಕೊನೆಗೆ 70 ಡಿಗ್ರಿಯವರೆಗೆ ಒಯ್ದು ದಂಟನ್ನು ಒಣಗಿಸಬೇಕು. ಒಟ್ಟು ಐದಾರು ದಿನ. ಹಗಲು ರಾತ್ರಿ ಯಾರಾದರೊಬ್ಬರು ಒಲೆಯ ಮುಂದೆ ಇರಲೇಬೇಕು. ಶಾಖ ತಪ್ಪಿದರೆ ಎಲೆ ಕಪ್ಪಾಗುತ್ತದೆ. ಎಲೆ ಕಪ್ಪಾದರೆ ಆ ವರ್ಷದ ಸಾಲ ತೀರುವುದಿಲ್ಲ. ಒಂದು ಕಿಲೊ ಹದವಾದ ಸೊಪ್ಪಿಗೆ ಹಲವು ಕಿಲೊ ಸೌದೆ ಉರಿಯುತ್ತದೆ. ನನ್ನ ವಿದ್ಯಾರ್ಥಿ ಒಂದು ಭರಣಿಯ ಮೇಲೆ ತೋರಿಸುವ ಎಚ್ಚರವನ್ನು ನಮ್ಮ ರೈತ ಒಂದಿಡೀ ಮನೆಯ ಮೇಲೆ ತೋರಿಸುತ್ತಾನೆ. ಅದನ್ನು ಕಲೆಯೆಂದು ಯಾರೂ ಕರೆದದ್ದಿಲ್ಲ.

ಆ ಮೂರು ತಿಂಗಳು ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳೇ ಹೆಚ್ಚು. ಬರುವ ಹುಡುಗರೂ ಬೆಳಗಿನ ಜಾವ ಹೊಲದಲ್ಲಿ ಸೊಪ್ಪು ಮುರಿದು, ಅಂಗೈಗೆ ಅಂಟಿದ ಕರಿಯ ಅಂಟನ್ನು ಮಣ್ಣಿನಲ್ಲಿ ಉಜ್ಜಿಕೊಂಡು ಬರುತ್ತಿದ್ದರು. 1985ರ ಆಗಸ್ಟ್ ಇರಬೇಕು. ಜಡಿಮಳೆಯ ಒಂದು ಬೆಳಗ್ಗೆ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೊದಲನೆಯ ಪಿರಿಯಡ್ಡಿನಲ್ಲೇ ತಲೆ ತಿರುಗುತ್ತದೆಂದು ಮೇಜಿನ ಮೇಲೆ ಒರಗಿದ. ಹೊರಗೆ ಹೋಗಿ ವಾಂತಿ ಮಾಡಿದ. ಆ ವಾರದಲ್ಲಿ ಅದು ಎರಡನೆಯ ಸಲ. ಅವನು ಕದ್ದು ಬೀಡಿ ಸೇದಿದ್ದಾನೆಂದು ನಾನು ನಿಶ್ಚಯಿಸಿದೆ. "ಇಲ್ಲ ಸಾರ್, ಸೊಪ್ಪು ಮುರಿದು ಬಂದೆ" ಎಂದ. ಸೊಪ್ಪು ಮುರಿದರೆ ವಾಂತಿಯಾಗುತ್ತದೆಯೆ, ಸುಳ್ಳು ಬೇರೆ ಹೇಳುತ್ತೀಯಾ ಎಂದು ಇಡೀ ತರಗತಿಯ ಎದುರು ಬೆತ್ತದಿಂದ ಹೊಡೆದೆ.

ಅವನು ಹೇಳಿದ್ದು ನಿಜ. ಮಳೆಯಲ್ಲಿ, ಇಬ್ಬನಿಯಲ್ಲಿ ನೆನೆದ ಹಸಿ ಸೊಪ್ಪನ್ನು ಹಿಡಿದಾಗ ನಿಕೋಟಿನ್ ಆ ನೀರಿನಲ್ಲಿ ಕರಗಿ, ಚರ್ಮದ ಮೂಲಕವೇ ರಕ್ತವನ್ನು ಸೇರುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ, ನಿಶ್ಶಕ್ತಿ ಬರುತ್ತವೆ. ಹಸಿ ತಂಬಾಕಿನ ಕಾಯಿಲೆ ಎಂದೇ ಅದಕ್ಕೆ ಹೆಸರಿದೆ. ಅಮೆರಿಕದ ವೈದ್ಯರು 1970ರ ದಶಕದಲ್ಲೇ ಅದರ ಬಗ್ಗೆ ಬರೆದಿದ್ದರು. ನಾನು ಅದನ್ನು ಓದಿದ್ದು ನಿವೃತ್ತಿಯ ನಂತರ, ಆ ಹುಡುಗ ಶಾಲೆ ಬಿಟ್ಟು ಇಪ್ಪತ್ತು ವರ್ಷಗಳಾದ ಮೇಲೆ. ಅವನು ಹತ್ತನೆಯ ತರಗತಿಗೆ ಬರಲೇ ಇಲ್ಲ. ಏಟಿನ ಕಾರಣದಿಂದಲೋ ಹೊಲದ ಕೆಲಸದ ಕಾರಣದಿಂದಲೋ ತಿಳಿಯದು. ನಾನು ವಿಜ್ಞಾನದ ಮೇಷ್ಟ್ರು; ತನ್ನ ಮೈಯ ಮೇಲೆ ನಡೆದ ಪ್ರಯೋಗದ ಫಲಿತಾಂಶವನ್ನು ಅವನು ಸರಿಯಾಗಿಯೇ ವರದಿ ಮಾಡಿದ್ದ. ಹೊಡೆತ ತಿಂದ.

ಇನ್ನು ಮನೆಯಲ್ಲಿ ಒತ್ತುವ ವಿಷಯ. ನನ್ನ ವಿದ್ಯಾರ್ಥಿಗೆ ಅದು ಅಮೆರಿಕದಲ್ಲಿ ಕಲಿತ ಹೊಸ ಹವ್ಯಾಸ. ನನಗೆ ಆ ನಾಲ್ಕನೆಯ ಚಿತ್ರವನ್ನು ನೋಡಿದೊಡನೆ ನೆನಪಾದದ್ದು ನಮ್ಮ ಅಜ್ಜಿಯ ಅಟ್ಟ. ನಮ್ಮ ಬಂಧುಗಳಲ್ಲಿ ಹಿರಿಯರಿಗೆ ಇದು ಗೊತ್ತಿದೆ, ಕಿರಿಯರಿಗೆ ಗೊತ್ತಿಲ್ಲ. ಅಜ್ಜಿ ಅಂಗಡಿಯ ಕಡ್ಡಿಪುಡಿಯನ್ನು ಎಂದೂ ಬಾಯಿಗೆ ಹಾಕಿದವಳಲ್ಲ. ಹೊಗೆಸೊಪ್ಪಿನ ದಂಟುಗಳನ್ನು ತಾನೇ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಬೆಲ್ಲದ ನೀರಿನಲ್ಲಿ ಕಲಸಿ, ಒಂದು ಲವಂಗವನ್ನು ಪುಡಿಮಾಡಿ ಸೇರಿಸಿ, ಬಾಳೆಎಲೆಯಲ್ಲಿ ಸುತ್ತಿ ಬೀಸುವ ಕಲ್ಲಿನ ಕೆಳಗೆ ಇಡುತ್ತಿದ್ದಳು. ನಾಲ್ಕು ದಿನಕ್ಕೆ ಅದು ಇಟ್ಟಿಗೆಯಂತಾಗುತ್ತಿತ್ತು. ಊಟವಾದ ಮೇಲೆ ಸಂಚಿ ಬಿಚ್ಚಿ, ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆಯ ಜೊತೆಗೆ ಉಗುರಿನಷ್ಟು ಮುರಿದು ಹಾಕಿಕೊಳ್ಳುತ್ತಿದ್ದಳು. ಕಲ್ಲನ್ನು ಎತ್ತಿಡುವುದು, ದಂಟು ಕುಟ್ಟುವುದು ಮೊಮ್ಮಕ್ಕಳಾದ ನಮ್ಮ ಕೆಲಸ. ಆ ಬೆಲ್ಲದ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಹಿತವಾದ ವಾಸನೆ ಎಂದೇ ಹೇಳಬೇಕು, ಸುಳ್ಳೇಕೆ ಹೇಳಲಿ?

ನನ್ನ ಅಕ್ಕ ಅದನ್ನು ಅಜ್ಜಿಯಿಂದ ಕಲಿತಳು. ಮಾಡುವುದನ್ನೂ ಕಲಿತಳು, ಹಾಕುವುದನ್ನೂ ಕಲಿತಳು. ಮದುವೆಯಾಗಿ ಹೋದ ಮನೆಯಲ್ಲಿ ಅವಳ ಕೈಯ ಕಡ್ಡಿಪುಡಿಗೆ ಹೆಸರಿತ್ತು. ಅವಳ ಬಲಗೆನ್ನೆಯ ಒಳಗೆ ಬಿಳಿಯ ಮಚ್ಚೆ ಕಾಣಿಸಿದ್ದು 1992ರಲ್ಲಿ. ಹುಳಿ ತಿಂದಿರಬೇಕು, ಉಷ್ಣವಿರಬೇಕು ಎಂದು ಎರಡು ವರ್ಷ ಕಳೆದವು. 1994ರಲ್ಲಿ ಬೆಂಗಳೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಹೊಗೆಸೊಪ್ಪು ಹಾಕುತ್ತೀರಾ ಎಂದು ವೈದ್ಯರು ಕೇಳಿದರು. ಅಕ್ಕ ಬಾಯಿ ಪೂರ್ತಿ ತೆರೆಯಲಾರದವಳು, ನಿಧಾನವಾಗಿ ಹೇಳಿದಳು: "ಅಂಗಡೀದು ಹಾಕಲ್ಲ ಡಾಕ್ಟ್ರೆ. ಮನೇಲಿ ಮಾಡಿದ್ದು." ಆ ಮಾತಿನಲ್ಲಿ ಒಂದು ಬಗೆಯ ಹೆಮ್ಮೆಯೇ ಇತ್ತು. ಮರುವರ್ಷ ಸಂಕ್ರಾಂತಿಗೆ ಮುಂಚೆ ತೀರಿಕೊಂಡಳು.

"ಮನೇಲಿ ಮಾಡಿದ್ದು" ಎಂಬ ಈ ಎರಡು ಪದಗಳ ಬಗ್ಗೆಯೇ ನಾನು ಹೇಳಬೇಕಾಗಿರುವುದು.

ನಮಗೆ ಮನೆಯಲ್ಲಿ ಮಾಡಿದ್ದೆಲ್ಲ ಶುದ್ಧ. ಉಪ್ಪಿನಕಾಯಿ, ಹಪ್ಪಳ, ತುಪ್ಪ, ಸಾರಿನ ಪುಡಿಗಳ ವಿಷಯದಲ್ಲಿ ಅದು ನಿಜವೂ ಹೌದು. ಅಲ್ಲಿ ಕೆಡುಕು ಬರುವುದು ಕಲಬೆರಕೆಯಿಂದ; ಕಲಬೆರಕೆಯನ್ನು ತೆಗೆದರೆ ಒಳ್ಳೆಯದು ಉಳಿಯುತ್ತದೆ. ಹೊಗೆಸೊಪ್ಪಿನಲ್ಲಿ ಹಾಗಲ್ಲ. ಅಲ್ಲಿ ಕೆಡುಕು ಎಲೆಯಲ್ಲೇ ಇದೆ. ಬೆರೆಸಿದ್ದನ್ನೆಲ್ಲ ತೆಗೆದು ಹಾಕಿದರೆ ಉಳಿಯುವುದು ಶುದ್ಧವಾದ ಕೆಡುಕು. ನಿಕೋಟಿನ್ ಕಾರ್ಖಾನೆಯವರು ಸೇರಿಸಿದ ದ್ರವ್ಯವಲ್ಲ; ಎಲೆಯನ್ನು ಹುಳುವಿನಿಂದ ಕಾಪಾಡಿಕೊಳ್ಳಲು ಗಿಡವೇ ಮಾಡಿಕೊಂಡ ವಿಷ. ನಮ್ಮನ್ನು ಕಟ್ಟಿಹಾಕುವುದು ಅದು. ಕ್ಯಾನ್ಸರ್ ತರುವ ದ್ರವ್ಯಗಳಲ್ಲಿ ಮುಖ್ಯವಾದ ನೈಟ್ರೊಸಮೈನುಗಳು ಹುಟ್ಟುವುದು ಎಲೆಯನ್ನು ಹದ ಮಾಡುವಾಗ ಮತ್ತು ಹುದುಗಿಸುವಾಗ. ತೇವ ಮತ್ತು ಬೆಚ್ಚನೆಯ ಸ್ಥಿತಿಯಲ್ಲಿ ಸೂಕ್ಷ್ಮಜೀವಿಗಳು ಎಲೆಯ ನೈಟ್ರೇಟನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಅದು ನಿಕೋಟಿನ್ ಮತ್ತು ಅದರ ಬಳಗದ ದ್ರವ್ಯಗಳೊಡನೆ ಕೂಡಿದಾಗ ಇವು ಉಂಟಾಗುತ್ತವೆ. ಎಷ್ಟು ಎಂಬುದು ಎಲೆಯ ಜಾತಿ, ಗೊಬ್ಬರ, ತೇವ, ಕಾಲ ಇವುಗಳನ್ನು ಅವಲಂಬಿಸಿದೆ. ಆದರೆ ತೇವಗೊಳಿಸಿ, ಬೆಚ್ಚಗೆ ಮಾಡಿ, ಗಾಳಿಯಾಡದಂತೆ ಒತ್ತಿ ವಾರಗಟ್ಟಲೆ ಇಡುವುದು ಅವನ್ನು ಕಡಿಮೆ ಮಾಡುವ ವಿಧಾನ ಖಂಡಿತ ಅಲ್ಲ. ಇನ್ನು ಯಾವ ಎಲೆಯನ್ನು ಉರಿಸಿದರೂ ಟಾರು, ಇಂಗಾಲದ ಮಾನಾಕ್ಸೈಡು ಬಂದೇ ಬರುತ್ತವೆ. ತಿರುಪನ್ನು ಬಿಗಿದವರು ಯಾರು ಎಂದು ಬೆಂಕಿ ಕೇಳುವುದಿಲ್ಲ.

ನನ್ನ ವಿದ್ಯಾರ್ಥಿ ಎರಡನೆಯ ವಾದವನ್ನೂ ಮುಂದಿಟ್ಟಿದ್ದಾನೆ: ಪೈಪು ಸೇದುವವರು ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು ಬ್ರಿಟನ್ನಿನಲ್ಲಿ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ಮೇಲೆ ನಡೆದ ಅಧ್ಯಯನಗಳಲ್ಲಿ, ಪೈಪು ಸೇದುವವರಿಗೆ ಆ ಕ್ಯಾನ್ಸರಿನ ಅಪಾಯ ಸಿಗರೇಟು ಸೇದುವವರಿಗಿಂತ ಕಡಿಮೆ ಎಂದು ಕಂಡುಬಂದದ್ದು ನಿಜ. ಸೇದದವರಿಗಿಂತ ಹೆಚ್ಚು ಎಂಬುದೂ ಅಷ್ಟೇ ನಿಜ. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿನಲ್ಲಿ ಆ ರಿಯಾಯಿತಿಯೂ ಇಲ್ಲ. ಎದೆಗೆ ಎಳೆಯದ ಹೊಗೆ ಬಾಯಿಯಲ್ಲೇ ಉಳಿದು ತನ್ನ ಕೆಲಸ ಮಾಡುತ್ತದೆ. ನಮ್ಮ ಅಕ್ಕ ಒಂದು ದಿನವೂ ಹೊಗೆ ಎಳೆದವಳಲ್ಲ.

ಮೂರನೆಯ ವಾದ ಪ್ರಮಾಣದ್ದು: "ವಾರಕ್ಕೊಂದು ಸಲ, ಭಾನುವಾರ ಸಂಜೆ." ಇದನ್ನು ನಾನು ಅಲ್ಲಗಳೆಯುವುದಿಲ್ಲ. ವಾರಕ್ಕೊಮ್ಮೆ ಸೇದುವವನ ಅಪಾಯ ದಿನಕ್ಕೆ ಹತ್ತು ಸಲ ಸೇದುವವನದಷ್ಟಲ್ಲ. ಅವನು ವಾರಕ್ಕೊಮ್ಮೆಯಲ್ಲೇ ನಿಲ್ಲುವ ಗಟ್ಟಿಗನೂ ಆಗಿರಬಹುದು. ಆದರೆ ತಿಂಗಳುಗಟ್ಟಲೆ ಕಷ್ಟಪಟ್ಟು ಮಾಡಿದ್ದನ್ನು ಭರಣಿಯಲ್ಲಿಟ್ಟು ನೋಡುತ್ತಾ ಕೂರುವುದು ಸುಲಭವಲ್ಲ. ಕೊಂಡದ್ದನ್ನು ಬಿಸಾಡಬಹುದು, ತಾನೇ ಮಾಡಿದ್ದನ್ನು ಬಿಸಾಡಲು ಕೈ ಬರುವುದಿಲ್ಲ. ಬಂದವರಿಗೆ ಕೊಡಬೇಕೆನಿಸುತ್ತದೆ, ಅವರು ಹೊಗಳಿದರೆ ಮತ್ತೆ ಮಾಡಬೇಕೆನಿಸುತ್ತದೆ. ಅಕ್ಕನ ಕಡ್ಡಿಪುಡಿ ಎಷ್ಟು ಮನೆಗಳಿಗೆ ಹಬ್ಬದ ಬುಟ್ಟಿಯ ಜೊತೆ ಹೋಗಿತ್ತೆಂದು ನಾನು ಬಲ್ಲೆ.

ತಂಬಾಕು ನಮ್ಮಲ್ಲಿ ಬೇರೂರಿದ ಬಗೆಯೂ ಇದೇ. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಆದಿಲಶಾಹಿಯ ಬಿಜಾಪುರಕ್ಕೆ ಬಂದಿದ್ದಾಗ ಅಲ್ಲಿ ತಂಬಾಕನ್ನು ಕಂಡು ಬೆರಗಾದ. ಸ್ವಲ್ಪ ತಂಬಾಕನ್ನೂ ರತ್ನಖಚಿತವಾದ ಅಂದದ ನಳಿಕೆಯನ್ನೂ ಒಯ್ದು ದೊರೆಗೆ ಒಪ್ಪಿಸಿದ. ದೊರೆ ಒಂದೆರಡು ದಮ್ಮು ಎಳೆದ. ಪರೀಕ್ಷಿಸದ ವಸ್ತು, ಬೇಡ ಎಂದು ಆಸ್ಥಾನದ ವೈದ್ಯ ತಡೆದ. ಲೋಕದ ಪದ್ಧತಿಗಳೆಲ್ಲ ಒಂದಾನೊಂದು ಕಾಲದಲ್ಲಿ ಹೊಸವೇ ಅಲ್ಲವೆ ಎಂದು ಅಸದ್ ಬೇಗ್ ವಾದಿಸಿದ. ಅಕ್ಬರ್ ಅದನ್ನು ಮುಂದುವರಿಸಲಿಲ್ಲ, ಆಸ್ಥಾನಿಕರು ಬಿಡಲಿಲ್ಲ. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಜೇಮ್ಸ್ ತಂಬಾಕನ್ನು ಖಂಡಿಸಿ ಪುಸ್ತಕವನ್ನೇ ಬರೆದ. 1617ರಲ್ಲಿ ಜಹಾಂಗೀರ್ ನಿಷೇಧದ ಆಜ್ಞೆ ಹೊರಡಿಸಿದ. ಇಬ್ಬರ ಮಾತೂ ನಡೆಯಲಿಲ್ಲ. ವೈದ್ಯನ ಎಚ್ಚರಿಕೆಗಿಂತ ನಳಿಕೆಯ ಅಂದಕ್ಕೆ ಬಲ ಹೆಚ್ಚು. ನಾಲ್ಕು ನೂರು ವರ್ಷಗಳ ನಂತರ, 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುವವರೆಂದು ಕಂಡುಬಂತು. ಸೇದುವವರಿಗಿಂತ ಅಗಿಯುವವರೇ ಅವರಲ್ಲಿ ಹೆಚ್ಚು.

ಹಾಗೆಂದು ನಾನು ಬೆಳೆಯುವವರನ್ನು ದೂರುವುದಿಲ್ಲ. ನನಗೆ ಸಂಬಳ ಕೊಟ್ಟ ಊರುಗಳಲ್ಲಿ ಹೆಂಚಿನ ಮನೆಗಳು ಎದ್ದದ್ದು, ಹೆಣ್ಣುಮಕ್ಕಳ ಮದುವೆಯಾದದ್ದು, ಈ ವಿದ್ಯಾರ್ಥಿಯೇ ಇಂಜಿನಿಯರಿಂಗ್ ಓದಿದ್ದು ಹೊಗೆಸೊಪ್ಪಿನ ಹಣದಿಂದ. 1976ರಲ್ಲಿ ಮಂಡಳಿ ಬಂದು, 1984ರಲ್ಲಿ ಹರಾಜಿನ ವ್ಯವಸ್ಥೆ ಬಂದ ಮೇಲೆ ರೈತನಿಗೆ ಅದರಷ್ಟು ಖಚಿತವಾದ ಮಾರುಕಟ್ಟೆ ಬೇರೆ ಯಾವ ಮಳೆಯಾಶ್ರಯದ ಬೆಳೆಗೂ ಇರಲಿಲ್ಲ. ಅಷ್ಟೇ ಖಚಿತವಾದ ಬೆಲೆ ರಾಗಿಗೋ ಅವರೆಗೋ ಸಿಗುವವರೆಗೆ ಅವನಿಗೆ ಉಪದೇಶ ಮಾಡುವ ಹಕ್ಕು ಪಿಂಚಣಿ ಎಣಿಸುವ ನನಗಿಲ್ಲ. ಆದರೆ ಎಲೆ ಕಳುಹಿಸುವ ಬೇಡಿಕೆಯನ್ನು ಮಾತ್ರ ಈಡೇರಿಸಲಾರೆ. ನೋಂದಾಯಿತ ಬೆಳೆಗಾರರು ಸೊಪ್ಪನ್ನು ಮಂಡಳಿಯ ಹರಾಜು ಕಟ್ಟೆಯಲ್ಲೇ ಮಾರಬೇಕು ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಹೇಳಿಯೇ ಈ ಬರಹವನ್ನು ಮುಗಿಸಬೇಕಾಗಿದೆ.

ನನ್ನ ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ನನ್ನ ನಶ್ಯದ ಡಬ್ಬಿ ನೆನಪಿದೆ ಎಂದು ನಾನು ಬಲ್ಲೆ. ನನ್ನ ಬೆನ್ನ ಹಿಂದೆ ನನಗಿದ್ದ ಹೆಸರೂ ನನಗೆ ಗೊತ್ತು. ಇಪ್ಪತ್ತೆರಡು ವರ್ಷ ನಶ್ಯ ಏರಿಸಿದೆ. ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಚಿಟಿಕೆ. ಡಬ್ಬಿ ಬರಿದಾದಾಗ ಹುಡುಗನೊಬ್ಬನ ಕೈಗೆ ಎಂಟಾಣೆ ಕೊಟ್ಟು, "ಓಡಿ ಹೋಗಿ ಪಟ್ಟೆ ನಶ್ಯ ತಗೊಂಡು ಬಾರೋ" ಎಂದು ಅಂಗಡಿಗೆ ಅಟ್ಟುತ್ತಿದ್ದೆ. ಕಳುಹಿಸಿದ್ದಕ್ಕೆ ಹುಡುಗರು ಹಿಗ್ಗುತ್ತಿದ್ದರು. ಮೇಷ್ಟ್ರು ತಮ್ಮನ್ನು ಆರಿಸಿದರೆಂದು. ಅಕ್ಕ ತೀರಿಕೊಂಡ ಮೇಲೆ, ಎರಡು ಸಲ ಸೋತು, ಮೂರನೆಯ ಸಲ 1996ರಲ್ಲಿ ಬಿಟ್ಟೆ. ಬಿಟ್ಟದ್ದನ್ನು ಎಲ್ಲರಿಗೂ ಹೇಳಿಕೊಂಡಿದ್ದೇನೆ. ಹುಡುಗರನ್ನು ಅಟ್ಟಿದ್ದನ್ನು ಬರೆಯುತ್ತಿರುವುದು ಇದೇ ಮೊದಲು. ಎಂಟಾಣೆ ಹಿಡಿದು ಹೆಚ್ಚು ಸಲ ಓಡಿದವನು ಈ ಪತ್ರ ಬರೆದ ಮೂರನೆಯ ಬೆಂಚಿನ ಹುಡುಗನೇ. ಅವನ ಮೂಗಿಗೆ ಹೊಗೆಸೊಪ್ಪಿನ ಪರಿಮಳ ಗುರುವಿನ ಪ್ರಸಾದದಂತೆ ತಗುಲಿದ್ದು ನನ್ನಿಂದ.

ಈಗ ನಿನಗೇ ಹೇಳುತ್ತೇನೆ ಮಗು. ನಿನಗೆ ಐವತ್ತು ದಾಟಿದೆ. ಬೇಡವೆಂದು ಆಜ್ಞೆ ಮಾಡುವ ಕಾಲ ಹೋಯಿತು. ಆಗ ಆ ಅಧಿಕಾರವಿದ್ದಾಗ ನಾನದನ್ನು ತಲೆಕೆಳಗಾಗಿ ಬಳಸಿದೆ. ಆದರೆ ನಿನ್ನ ಮೂರನೆಯ ಚಿತ್ರವನ್ನು ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದೆ. ತಿರುಪು ಬಿಗಿಯುತ್ತಿರುವ ಕೈಗಳು ನಿನ್ನವಲ್ಲ. ಉಗುರಿನ ಮೇಲೆ ಶಾಯಿಯ ಕಲೆಯಿರುವ, ಇನ್ನೂ ಬಲಿಯದ ಕೈಗಳು. ಹದಿಮೂರು-ಹದಿನಾಲ್ಕಿನ ನಿನ್ನ ಮಗನವು ಎಂದುಕೊಂಡೆ, ಕೇಳಿದಾಗ ಹೌದೆಂದೆ. "ಅವನಿಗೂ ಇದರಲ್ಲಿ ತುಂಬ ಆಸಕ್ತಿ ಮೇಷ್ಟ್ರೆ, ತಂದೆ ಮಗ ಕೂಡಿ ಮಾಡುವ ಕೆಲಸ" ಎಂದು ಸಂತೋಷದಿಂದ ಬರೆದೆ. ಆ ಸಂತೋಷ ನನಗೆ ಅರ್ಥವಾಗುತ್ತದೆ. ಅಜ್ಜಿ ನಮ್ಮಿಂದ ಕಲ್ಲನ್ನು ಎತ್ತಿಸುವಾಗಲೂ ಅದೇ ಸಂತೋಷವಿತ್ತು. ಅಕ್ಕ ಕಲಿತದ್ದು ಹಾಗೆಯೇ. ಚಟ ನಮ್ಮ ಮನೆಗೆ ಎಂದೂ ಚಟವೆಂಬ ಹೆಸರಿನಿಂದ ಬರಲಿಲ್ಲ.

ಅಂಗಡಿಯ ಡಬ್ಬಿಯ ಬಗ್ಗೆ ನಿನಗೆ ಅಷ್ಟು ತಿರಸ್ಕಾರ. ಆದರೆ ಅದರಲ್ಲಿ ಒಂದು ಒಳ್ಳೆಯ ಗುಣವಿದೆ. 2009ರಿಂದ ನಮ್ಮ ದೇಶದ ತಂಬಾಕಿನ ಪೊಟ್ಟಣಗಳ ಮೇಲೆ ಚಿತ್ರವಿರುವ ಎಚ್ಚರಿಕೆ ಅಚ್ಚಾಗುತ್ತಿದೆ. 2016ರಿಂದ ಪೊಟ್ಟಣದ ನೂರಕ್ಕೆ 85 ಭಾಗವನ್ನು ಅದೇ ತುಂಬಿಕೊಂಡಿದೆ. ಮಾರುವವನೇ ಕೊಳ್ಳಬೇಡವೆಂದು ಹೇಳಬೇಕಾಗಿ ಬಂದಿದೆ. ಅಜ್ಜಿಯ ಬಾಳೆಎಲೆಯ ಮೇಲೆ ಏನೂ ಬರೆದಿರಲಿಲ್ಲ. ನಿನ್ನ ಗಾಜಿನ ಭರಣಿಯ ಮೇಲೂ ಏನೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಎರಡೇ. ಮೊದಲನೆಯದು, ಮಗನನ್ನು ಆ ಪೆಟ್ಟಿಗೆಯ ಬಳಿಯಿಂದ ಈ ಭಾನುವಾರವೇ ಬಿಡಿಸು. ಅವನಿಗೆ ಮರಗೆಲಸ ಕಲಿಸು, ತಿರುಪಿನ ತತ್ತ್ವ ಕಲಿಸು, ಬ್ರೆಡ್ಡು ಹುದುಗಿಸುವುದನ್ನು ಕಲಿಸು. ರಸಾಯನಶಾಸ್ತ್ರ ಅಲ್ಲೂ ಅದೇ. ಎರಡನೆಯದು, ನೀನು ಒತ್ತುವುದನ್ನು ಬಿಡದಿದ್ದರೆ, ಪ್ರತಿಯೊಂದು ಭರಣಿಯ ಮೇಲೂ ನಿನ್ನ ಕೈಬರಹದಲ್ಲಿ, ಕನ್ನಡದಲ್ಲಿ, ಇದು ಏನೆಂದು ಸ್ಪಷ್ಟವಾಗಿ ಬರೆದು ಅಂಟಿಸು. ಪ್ರಯೋಗಶಾಲೆಯ ಶೀಶೆಗಳ ಮೇಲೆ ಚೀಟಿ ಅಂಟಿಸದಿದ್ದರೆ ನಾನು ಎಷ್ಟು ಸಿಡುಕುತ್ತಿದ್ದೆ ಎಂಬುದು ನಿನಗೆ ನೆನಪಿರಬೇಕು. ಆ ಚೀಟಿಯನ್ನು ಬರೆದ ಮೇಲೂ ಮುಚ್ಚಳ ತೆರೆಯಬೇಕೆನಿಸಿದರೆ ಅದು ನಿನ್ನ ಇಷ್ಟ.

ಮುಂದಿನ ವರ್ಷ ಊರಿಗೆ ಬಂದಾಗ ಮಗನನ್ನೂ ಕರೆದುಕೊಂಡು ಬಾ. ಆಗಸ್ಟಿನಲ್ಲಿ ಬಂದರೆ ಬ್ಯಾರನ್ನು ಉರಿಯುತ್ತಿರುತ್ತದೆ, ತೋರಿಸುತ್ತೇನೆ. ಅಲ್ಲಿಂದ ಎರಡು ಮೈಲಿಯಾಚೆ ಒಬ್ಬರ ಮನೆಗೂ ಹೋಗಬೇಕಾಗಿದೆ. 1985ರಲ್ಲಿ ಸುಳ್ಳು ಹೇಳುತ್ತೀಯಾ ಎಂದು ನಾನು ಹೊಡೆದ ಹುಡುಗ ಈಗಲೂ ಅದೇ ಊರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆಂದು ಕೇಳಿದ್ದೇನೆ. ಒಬ್ಬನೇ ಹೋಗಲು ನನಗೆ ಇದುವರೆಗೆ ಧೈರ್ಯ ಬಂದಿಲ್ಲ.